ಪರದೆಯ ಹಿಂದಿನ ಇಂಗಿತ

ಆಟವೊಂದನ್ನು ಸಾಹಿತ್ಯದ ಪುಟದಲ್ಲಿ ಚರ್ಚಿಸುವುದೇಕೆಂದು ವಾಚಕರು ಹುಬ್ಬೇರಿಸಬಹುದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೆಸರಿಗೆ ಆಟ, ಕಾರ್ಯದಲ್ಲಿ ಕಥನವೇ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಹೀಗೆ ಪಾತ್ರ ವಹಿಸುತ್ತಾರೆ. ಮಿಕ್ಕ ಲೋಕವೆಲ್ಲ, ಎಂದರೆ ಊರು, ಕಾಡು, ರಾಕ್ಷಸ, ಸತ್ರದ ಯಜಮಾನ, ಒಬ್ಬನ ಪಾಲು. ಅವನನ್ನು ಅಲ್ಲಿ ‘ಡಂಜನ್ ಮಾಸ್ಟರ್’ ಎನ್ನುತ್ತಾರೆ. ನಾವು ಸೂತ್ರಧಾರ ಎನ್ನೋಣ. ಮಾತೆಲ್ಲ ಆಶುವಾದದ್ದು, ಸಂದೇಹ ಬಂದಲ್ಲಿ ದಾಳದ ತೀರ್ಪು. ನಮ್ಮ ತಾಳಮದ್ದಳೆಯ ಅರ್ಥಧಾರಿಯ ಮಾತೂ ಆಶುವೇ, ನಿಜ. ಆದರೆ ಅವನಿಗೆ ಪ್ರಸಂಗದ ಪದ್ಯಗಳ ಆಧಾರವುಂಟು. ಕೊನೆಗೆ ಕರ್ಣ ಮಡಿಯುವನೆಂದು ಸಭೆಗೂ ಗೊತ್ತು. ಇಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ.

ಸೂತ್ರಧಾರ ತನ್ನ ಮುಂದೆ ರಟ್ಟಿನ ಪರದೆಯೊಂದನ್ನು ನಿಲ್ಲಿಸಿಕೊಳ್ಳುವ ರೂಢಿಯುಂಟು. ಅದರ ಹಿಂದೆ ನಕ್ಷೆ, ದಾಳ, ಪಾತ್ರಗಳ ಗುಟ್ಟು ಬರೆದಿಟ್ಟ ಟಿಪ್ಪಣಿ. ಆಟ ಮುಗಿದೊಡನೆ ಪರದೆ ಮಡಿಸಿ, “ಆ ಸತ್ರದವನು ನಿಮಗೆ ದ್ರೋಹ ಬಗೆದದ್ದೇಕೆ ಗೊತ್ತೆ? ಅವನ ಮಗಳು ಶತ್ರುಗಳ ಸೆರೆಯಲ್ಲಿದ್ದಳು” ಎಂದು ಬಿಡಿಸಿ ಹೇಳುವುದು ಅನೇಕ ಸೂತ್ರಧಾರರಿಗೆ ಬಲು ಪ್ರಿಯವಾದ ಕೆಲಸ. ನನ್ನ ತಕರಾರು ಇರುವುದು ಇಲ್ಲಿ.

ಆಟಗಾರರು ಆ ಸತ್ರದವನನ್ನು ಕೊಂದಿದ್ದಾರೆ ಎಂದಿಟ್ಟುಕೊಳ್ಳೋಣ. ಆಡುವಾಗ ಅವನು ಬರಿಯ ದ್ರೋಹಿ. ವಿವರಣೆ ಬಿದ್ದ ಕ್ಷಣದಿಂದ ಅವರು ಒಬ್ಬ ಅಸಹಾಯಕ ತಂದೆಯ ಕೊಲೆಗಾರರು. ಆ ಮಗಳ ಬಗೆಗೆ ಒಂದು ಮಾತಾಗಲಿ, ಅವನ ಕೈಯ ನಡುಕವಾಗಲಿ, ಬಾಗಿಲ ಬಳಿ ಪುಟ್ಟದೊಂದು ಜೊತೆ ಪಾದರಕ್ಷೆಯಾಗಲಿ ಕಥೆಯಲ್ಲಿ ಕಾಣಿಸಿತ್ತೆ? ಕಾಣಿಸಿಯೂ ಅವರು ಗಮನಿಸದೆ ಹೋಗಿದ್ದರೆ ಅದು ದುರಂತ. ಕಾಣಿಸದೆಯೇ ಇದ್ದರೆ ಬರಿಯ ಆರೋಪ. ಮನಸ್ಸಿನೊಳಗಿನ ಭಾವ ಅನುಭಾವಗಳ ಮೂಲಕವೇ ಗೋಚರಿಸಬೇಕೆಂದು ನಮ್ಮ ಲಾಕ್ಷಣಿಕರು ಹೇಳಿದ್ದು ರಂಗಭೂಮಿಗೆ ಎಷ್ಟು ಸಲ್ಲುತ್ತದೆಯೋ ಈ ಮೇಜಿಗೂ ಅಷ್ಟೇ ಸಲ್ಲುತ್ತದೆ.

ಕಾದಂಬರಿಕಾರನೂ ತನ್ನ ಪಾತ್ರದ ಒಳಗುಟ್ಟನ್ನು ಆಮೇಲೆ ಹೇಳುವುದುಂಟಲ್ಲ ಎನ್ನಬಹುದು. ಅವನ ಮಾತನ್ನು ನಾವು ತಳ್ಳಿಹಾಕಬಹುದು. ಪುಸ್ತಕ ನಮ್ಮ ಕೈಯಲ್ಲಿದೆ. ಸೂತ್ರಧಾರನ ಸ್ಥಿತಿ ಬೇರೆ. ಮೂರು ಗಂಟೆಯ ಕಾಲ ಅವನು “ಮಳೆ ಬರುತ್ತಿದೆ” ಎಂದರೆ ಮಳೆ ಬಂದಿದೆ, “ಬಾಗಿಲು ಮುಚ್ಚಿದೆ” ಎಂದರೆ ಮುಚ್ಚಿದೆ. ಆ ಅಧಿಕಾರ ಪರದೆ ಮಡಿಸಿದಾಕ್ಷಣ ಕಳಚುವುದಿಲ್ಲ. ಅವನ ವಿವರಣೆ ಒಂದು ಅಭಿಪ್ರಾಯವಾಗದೆ ಘಟನೆಯೇ ಆಗಿಬಿಡುತ್ತದೆ. ಆಟಗಾರರು ಪಟ್ಟ ಸಂಶಯ, ಕಟ್ಟಿದ ಊಹೆ ಎಲ್ಲವೂ ಒಮ್ಮೆಗೇ ತಪ್ಪು ಉತ್ತರಗಳಾಗುತ್ತವೆ.

ಈ ತೊಡಕನ್ನು ಜಾಣ್ಮೆಯಿಂದ ಬಿಡಿಸಿದ ಕೃತಿಯೊಂದಿದೆ. ಟ್ರೇಸಿ ಮತ್ತು ಲಾರಾ ಹಿಕ್ಮನ್ ದಂಪತಿ ಈ ಆಟಕ್ಕೆಂದು ಬರೆದು 1983ರಲ್ಲಿ ಪ್ರಕಟವಾದ ‘ರೇವನ್‌ಲಾಫ್ಟ್’. ಅದರ ಖಳ ಸ್ಟ್ರಾಡ್, ರಕ್ತ ಹೀರುವ ದೊರೆ. ಅವನು ಮೋಹಿಸಿದ ಟಾಟ್ಯಾನಾ ಒಲಿದದ್ದು ಅವನ ತಮ್ಮ ಸೆರ್ಗೈಗೆ. ಮದುವೆಯ ದಿನವೇ ಅಣ್ಣ ತಮ್ಮನನ್ನು ಕೊಂದ; ಅವಳು ಕೋಟೆಯಿಂದ ಧುಮುಕಿದಳು. ಈ ಹಳೆಯ ಸಂಗತಿಯನ್ನು ಹಿಕ್ಮನ್‌ರು ಸೂತ್ರಧಾರನ ಬಾಯಿಗೆ ಬಿಡಲಿಲ್ಲ. ಸ್ಟ್ರಾಡ್ ತಾನೇ ಬರೆದ ಪುಸ್ತಕವೊಂದನ್ನು ಕಥೆಯೊಳಗೆ ಬಚ್ಚಿಟ್ಟರು. ಹುಡುಕಿದವರಿಗೆ ಅದು ಸಿಕ್ಕೀತು. ಟಾಟ್ಯಾನಾಳನ್ನೇ ಹೋಲುವ ಐರೀನಾ ಎಂಬ ಹೆಣ್ಣನ್ನು ಹಳ್ಳಿಯಲ್ಲಿಟ್ಟರು; ಅವನು ಅವಳನ್ನೇ ಏಕೆ ಬೆನ್ನಟ್ಟುತ್ತಾನೆಂಬ ಪ್ರಶ್ನೆ ತಾನಾಗಿ ಏಳುತ್ತದೆ. ಇನ್ನೂ ಸ್ವಾರಸ್ಯವೆಂದರೆ, ಈ ಸಲ ಸ್ಟ್ರಾಡ್ ಸಾಧಿಸಹೊರಟದ್ದೇನು ಎಂಬುದನ್ನು ಇಸ್ಪೀಟಿನ ಎಲೆಗಳು ನಿರ್ಧರಿಸುತ್ತವೆ. ಉದ್ದೇಶವನ್ನು ಎಲೆ ಹಾಕಿ ಗೊತ್ತುಮಾಡುವುದು ಮೊದಲು ನನಗೂ ಹುಡುಗಾಟವಾಗಿಯೇ ತೋರಿತ್ತು. ಆದರೆ ಗುಣ ನೋಡಿ: ಎಲೆ ಬೀಳುವವರೆಗೆ ಸೂತ್ರಧಾರನಿಗೂ ಗುಟ್ಟು ತಿಳಿಯದು, ಮುದ್ದಿಸಿ ಸಾಕಿಕೊಳ್ಳಲು ಅವನಿಗೆ ಪುರಸೊತ್ತಿಲ್ಲ. 2016ರ ಮರುರೂಪ ‘ಕರ್ಸ್ ಆಫ್ ಸ್ಟ್ರಾಡ್’ನಲ್ಲಿ ಎಲೆಗಳು ವಸ್ತುಗಳ ತಾಣವನ್ನೂ ಒಬ್ಬ ಸಹಾಯಕನನ್ನೂ ಖಳ ಎದುರಾಗುವ ಸ್ಥಳವನ್ನೂ ಸೂಚಿಸುತ್ತವೆ, ಉದ್ದೇಶವನ್ನು ಕೈಬಿಟ್ಟವು. ಪುಸ್ತಕ ದಪ್ಪವಾಯಿತು, ಆ ಚುರುಕು ಹೋಯಿತು.

2014ರ ಐದನೆಯ ಆವೃತ್ತಿಯಲ್ಲಿ ಇಂಗಿತ ಅರಿಯಲು ನಿಯಮವೇ ಉಂಟು: ‘ಇನ್‌ಸೈಟ್’. ಇಪ್ಪತ್ತು ಮುಖದ ದಾಳ ಹಾಕಿ ಎದುರಿನವನ ನಿಜವಾದ ಉದ್ದೇಶ ಗ್ರಹಿಸಬಹುದು. ಹಾಕಿದ್ದು ಗೆದ್ದರೆ “ಇವನು ಸುಳ್ಳು ಹೇಳುತ್ತಿದ್ದಾನೆ” ಎಂದಷ್ಟೇ ಸೂತ್ರಧಾರ ಒಪ್ಪಿಸಿದರೆ ಅದೂ ವಿವರಣೆಯೇ, ಮುಂಗಡವಾಗಿ ಕೊಟ್ಟದ್ದು. “ಮಾತಾಡುವಾಗ ಅವನ ಕಣ್ಣು ಪದೇ ಪದೇ ಮಹಡಿಯ ಕಡೆ ಹೋಗುತ್ತಿದೆ” ಎಂದರೆ ಕಥೆ ಬೆಳೆಯಿತು.

ಮ್ಯಾಥ್ಯೂ ಮರ್ಸರ್ ಸೂತ್ರಧಾರರಾಗಿ 2015ರಲ್ಲಿ ಪ್ರಸಾರವಾಗತೊಡಗಿದ ‘ಕ್ರಿಟಿಕಲ್ ರೋಲ್’ ಈ ಆಟಕ್ಕೆ ಪ್ರೇಕ್ಷಕವರ್ಗವನ್ನೇ ತಂದುಕೊಟ್ಟಿತು. ಅದರ ಜೊತೆಗೆ, ನಡೆದ ಆಟವನ್ನೂ ಪಾತ್ರಗಳ ಒಳಮನಸ್ಸನ್ನೂ ಚರ್ಚಿಸುವ ‘ಟಾಕ್ಸ್ ಮೆಕಿನಾ’ 2016ರಿಂದ 2021ರವರೆಗೆ ನಡೆಯಿತು. ಆಟಗಾರ ತನ್ನ ಪಾತ್ರದ ಬಗೆಗೆ ಆಡುವ ಮಾತಿಗೆ ನನ್ನ ಅಡ್ಡಿಯಿಲ್ಲ. ಅದು ನಿವೇದನೆ, ತೀರ್ಪಲ್ಲ. ಮುಂದಿನ ವಾರ ಮತ್ತೆ ಅದೇ ಕಥೆ ಮುಂದುವರಿಯಬೇಕಾದ ಸೂತ್ರಧಾರ ಬಾಯಿಬಿಟ್ಟರೆ, ಇನ್ನೂ ಬದುಕಿರುವ ಪಾತ್ರಕ್ಕೆ ಶ್ರಾದ್ಧ ಮಾಡಿದಂತೆ.

ಆಟಗಾರರೇ ಕೇಳುತ್ತಾರಲ್ಲ? ಕೇಳಲಿ. “ನಿಮಗೇನು ತೋರಿತು?” ಎಂದು ತಿರುಗಿ ಕೇಳಿ, ಬಂದ ಊಹೆ ತನ್ನ ಟಿಪ್ಪಣಿಗಿಂತ ಸೊಗಸಾಗಿದ್ದರೆ ಸದ್ದಿಲ್ಲದೆ ಅದನ್ನೇ ಮುಂದಿನ ಆಟದಲ್ಲಿ ನಿಜಮಾಡುವ ಸೂತ್ರಧಾರರೂ ಇದ್ದಾರೆ. ಸ್ಟ್ರಾಡನ ಪುಸ್ತಕ ಕೈಗೆ ಸಿಗದ ತಂಡಕ್ಕೆ ಅವನು ಬರಿಯ ರಕ್ತಪಿಪಾಸುವಾಗಿಯೇ ಸಾಯುತ್ತಾನೆ. ಅವರಿಗೆ ಟಾಟ್ಯಾನಾಳ ಕಥೆಯನ್ನು ಮಾರನೆಯ ದಿನ ಹೇಳಬೇಕೆ? ನಾನಾದರೆ ಹೇಳೆನು. ಪುಸ್ತಕ ಇಟ್ಟಲ್ಲೇ ಇದೆ. ಹಿಂದಿರುಗಿ ಹುಡುಕುವ ಮನಸ್ಸಿದ್ದವರು ಹೋಗಬಹುದು.