ತ್ರಿವಿಧಿ: ಕಿರುಪದ್ಯದ ರಚನಾಸುಖ

ಕಾವ್ಯದ ಹಿರಿಮೆಯನ್ನು ಅದರ ಗಾತ್ರದಿಂದ ಅಳೆಯುವ ರೂಢಿ ನಮ್ಮ ವಿಮರ್ಶೆಯಲ್ಲಿ ಬಹುಕಾಲ ನಡೆದುಬಂದಿತು. ಚಂಪೂ ಷಟ್ಪದಿಗಳಿಗೆ ಸಂದ ಗೌರವ ಮೂರೇ ಸಾಲಿನ ತ್ರಿಪದಿಗೆ ಸಲ್ಲಲಿಲ್ಲ. ಆದರೆ ಕಟ್ಟುವವರಿಗೆ ಕಟ್ಟುವ ಕೆಲಸವೇ ಸುಖವಾಗಿ ಒದಗಿದ ಇಂತಹ ಛಂದಸ್ಸು ಕನ್ನಡದಲ್ಲಿ ಇನ್ನೊಂದು ದೊರೆಯುವುದು ಕಷ್ಟ. ವೀರಶೈವ ಸಾಹಿತ್ಯದಲ್ಲಿ 'ತ್ರಿವಿಧಿ' ಎಂದು ಹೆಸರಾದ ಈ ಕಿರುಪದ್ಯವನ್ನು ಆ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ.

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಎಂದರೆ ಕ್ರಿ.ಶ. ಸುಮಾರು 700ರ ಹೊತ್ತಿಗೇ, ತ್ರಿಪದಿ ಪಕ್ವರೂಪದಲ್ಲಿ ಕಾಣಿಸಿಕೊಂಡಿದೆ. ಒಟ್ಟು 11 ಅಂಶಗಣಗಳು. ಅವುಗಳಲ್ಲಿ 6ನೆಯದೂ 10ನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಲಕ್ಷಣ ಬಿಗಿಯಾಗಿ ತೋರಿದರೂ ಹಿಗ್ಗುವುದು ಕುಗ್ಗುವುದು ಅಂಶಗಣದ ಸ್ವಭಾವವೇ ಆಗಿದೆ. ಅಕ್ಷರದ ಕೊರತೆಯನ್ನು ರಾಗ ತುಂಬಿಕೊಡುತ್ತದೆ. ಆದುದರಿಂದಲೇ ಶಾಸ್ತ್ರವನ್ನು ಓದದ ಕಿವಿಗೂ ಅದು ಒಲಿಯಿತು. ಬೀಸುವ ಕಲ್ಲಿನ ಮುಂದೆ ಕುಳಿತ ಗರತಿಗೆ ಕೈತುಂಬ ಕೆಲಸ; ಬರೆದಿಡುವ ಮಾತೇ ಇಲ್ಲ. ಇಡಿಯ ಪದ್ಯ ಮನಸ್ಸಿನಲ್ಲಿಯೇ ನಿಲ್ಲಬೇಕು. ಹಾಡುವಾಗ ಎರಡನೆಯ ಸಾಲಿನ ಮಾತನ್ನು ಮರಳಿ ಹಾಡುವ ಪದ್ಧತಿಯುಂಟು. ಆ ಮರಳಿಕೆಯಲ್ಲಿ ಮೂರನೆಯ ಸಾಲು ಮೂಡಲು ಬಿಡುವು ದೊರೆಯುತ್ತದೆ. ಆ ಕೊನೆಯ ಸಾಲಾದರೋ ಒಂದು ಗಣದಷ್ಟು ಗಿಡ್ಡದು. ಮಾತು ಅಲ್ಲಿ ನೆಲೆ ಕಂಡು ನಿಂತಾಗ ಆಗುವ ತೃಪ್ತಿಯೇ ರಚನಾಸುಖ. 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಸಂಕಲನವನ್ನು ಹೊರತಂದಾಗ ಓದುಬಲ್ಲವರಿಗೆ ಈ ಸಂಪತ್ತಿನ ಅರಿವಾಯಿತು.

ಶರಣರಿಗೆ ಈ ಅರಿವು ಎಂಟುನೂರು ವರ್ಷಗಳ ಹಿಂದೆಯೇ ಇದ್ದಿತು. ವಚನದಂತಹ ಮುಕ್ತರೂಪ ಕೈಯಲ್ಲಿದ್ದೂ ಸಿದ್ಧರಾಮೇಶ್ವರರು ಬಸವಸ್ತೋತ್ರದ ತ್ರಿವಿಧಿ, ಅಷ್ಟಾವರಣಸ್ತೋತ್ರದ ತ್ರಿವಿಧಿ, ಮಿಶ್ರಸ್ತೋತ್ರದ ತ್ರಿವಿಧಿಗಳನ್ನು ರಚಿಸಿದರು. ಇವುಗಳಲ್ಲಿ ಕಥೆಯಿಲ್ಲ, ಮುಂದಿನ ಪದ್ಯವನ್ನು ಎಳೆದು ತರುವ ಪ್ರಸಂಗವಿಲ್ಲ. ಪ್ರತಿಯೊಂದು ಪದ್ಯವೂ ತನ್ನಲ್ಲಿ ತಾನು ಪೂರ್ಣ. ಒಂದು ಮುಗಿದೊಡನೆ ಇನ್ನೊಂದು ಹುಟ್ಟುವುದಕ್ಕೆ ಭಕ್ತಿಯ ಹಿಗ್ಗು ಒಂದು ಕಾರಣವಾದರೆ ಛಂದಸ್ಸು ಕೈಗೆ ಹತ್ತಿದ ಸಂತೋಷ ಇನ್ನೊಂದು ಕಾರಣ.

ಅಕ್ಕಮಹಾದೇವಿಯ ಹೆಸರಿನ 67 ತ್ರಿಪದಿಗಳ 'ಯೋಗಾಂಗತ್ರಿವಿಧಿ'ಯ ಸಾಹಸ ಇದಕ್ಕಿಂತ ಕಠಿನವಾದುದು. ಸಾಧನೆಯ ಗಹನ ತತ್ತ್ವವನ್ನು ಅದು ಬೀಸುವ ಪದದ ಮಟ್ಟಿನಲ್ಲಿ ಹೇಳಹೊರಟಿದೆ. ಇಲ್ಲಿ ವಿಮರ್ಶಕನು ದಾಕ್ಷಿಣ್ಯ ತೋರಬೇಕಾಗಿಲ್ಲ. ಪಾರಿಭಾಷಿಕ ಪದಗಳು ಒತ್ತೊತ್ತಾಗಿ ಬಂದೆಡೆ ತ್ರಿಪದಿ ನೆನಪಿನ ಸಾಧನ ಮಾತ್ರವಾಗುತ್ತದೆ. ತಿಳಿಗನ್ನಡ ಮಾತು ತಲೆದೋರಿದೆಡೆ ಅದೇ ಅನುಭಾವದ ವಾಹಕವಾಗುತ್ತದೆ. ವಚನಗಳ ಅಕ್ಕನನ್ನು ಬಲ್ಲವರಿಗೆ ಈ ಅಂತರ ಒಡನೆಯೇ ಗೋಚರಿಸುತ್ತದೆ. ಸರಳತೆ ಛಂದಸ್ಸಿನಿಂದ ತಾನಾಗಿ ಬರುವುದಿಲ್ಲ, ಅದನ್ನು ಪ್ರತಿ ಪದ್ಯದಲ್ಲಿಯೂ ಹೊಸದಾಗಿ ಗಳಿಸಬೇಕೆಂಬುದಕ್ಕೆ ಇದೇ ನಿದರ್ಶನ.

ಈ ವಿಚಾರ ಇಂದಿಗೂ ಅನ್ವಯಿಸುತ್ತದೆ. ದಿನಕರ ದೇಸಾಯಿಯವರ (1909–1982) ಚೌಪದಿಗಳು ಕಿರುಪದ್ಯಕ್ಕೆ ಮತ್ತೆ ಜನಪ್ರಿಯತೆ ತಂದವು. ಅನಂತರ ಬಂದ ಹನಿಗವನಗಳಲ್ಲಿ ಬಹಳಷ್ಟು ಶಬ್ದಚಮತ್ಕಾರದಲ್ಲಿಯೇ ನಿಂತುಬಿಟ್ಟವು. ಒಮ್ಮೆ ನಕ್ಕ ಮೇಲೆ ಅವುಗಳಲ್ಲಿ ಉಳಿಯುವುದೇನೂ ಇಲ್ಲ. ಹಿರಿಯ ಕಾವ್ಯದಲ್ಲಿ ಒಂದು ಜೊಳ್ಳು ಪದ್ಯ ನೂರರ ನಡುವೆ ಮರೆಯಾಗಬಹುದು. ಮೂರು ಸಾಲಿನಲ್ಲಿ ಒಂದು ಜೊಳ್ಳು ಮಾತಿಗೂ ಮರೆಯಿಲ್ಲ. ತ್ರಿಪದಿಯ ಬಾಗಿಲು ಎಲ್ಲರಿಗೂ ತೆರೆದಿರುವುದು ನಿಜ; ಒಳಗೆ ಕಾಲಿಟ್ಟವನು ಮಾತ್ರ ತನ್ನದಲ್ಲದ ಮಾತನ್ನೆಲ್ಲ ಹೊರಗೇ ಇಳಿಸಿ ಬರಬೇಕು. ಆ ಹೊರೆ ಇಳಿದಾಗಿನ ಹಗುರವನ್ನು ಒಮ್ಮೆ ಸವಿದವನು ಕಿರುಪದ್ಯವನ್ನು ಕಿರಿದೆಂದು ಎಣಿಸಲಾರನು.