ಬಿಸಿಲು, ಅಂಗೈ, ಮಂದಿ: ಕಾಶಿಯಲ್ಲೊಂದು ಹೆಡ್‌ಸೆಟ್

ಕಾಶಿಗೆ ಹೋದವರು ತಮಗಿಷ್ಟವಾದ ಒಂದು ಹಣ್ಣನ್ನೋ ಕಾಯಿಪಲ್ಯವನ್ನೋ ಅಲ್ಲೇ ಬಿಟ್ಟು ಬರಬೇಕೆಂಬುದು ನಮ್ಮ ಕಡೆಯ ರೂಢಿ. ದೊಡ್ಡವ್ವ ಗದಗಿನಲ್ಲಿ ರೈಲು ಹತ್ತುವ ಮುಂಚೆಯೇ ಸೀತಾಫಲ ಬಿಡುವುದೆಂದು ನಿಶ್ಚಯ ಮಾಡಿಕೊಂಡಿದ್ದಳು. ನನ್ನ ಚೀಲದಲ್ಲಿ ಮಾತ್ರ ಒಂದು ವಸ್ತು ಹೆಚ್ಚಿಗೆ ಇತ್ತು: ಅಮೆರಿಕದಲ್ಲಿರುವ ಗೆಳೆಯರೊಬ್ಬರು ತಂದುಕೊಟ್ಟ ಮೆಟಾ ಕ್ವೆಸ್ಟ್ 3 ಹೆಡ್‌ಸೆಟ್. ಇಂಥ ಯಂತ್ರಗಳನ್ನು ಮಾರುವವರು ‘ಕೂತಲ್ಲೇ ಲೋಕ ನೋಡಿ’ ಎನ್ನುತ್ತಾರೆ. ಹಾಗಿದ್ದರೆ ನಮ್ಮ ಜನ ಶತಮಾನಗಳಿಂದ ನೋಡಬೇಕೆಂದು ಹಂಬಲಿಸುತ್ತ ಬಂದ ಊರಿನಲ್ಲೇ ಅದನ್ನು ಒರೆಗೆ ಹಚ್ಚೋಣ ಅನಿಸಿತು. ಅಲ್ಲಿ ಕಳೆದ ನಾಲ್ಕು ದಿನಗಳ ಮೊದಲ ಅನಿಸಿಕೆ ಇದು.

ಮೊದಲು ಯಂತ್ರದ ಪರಿಚಯ. 2023ರ ಅಕ್ಟೋಬರ್ 10ರಂದು ಮಾರುಕಟ್ಟೆಗೆ ಬಂದಾಗ ಇದರ ಆರಂಭದ ಬೆಲೆ 499.99 ಡಾಲರ್. ಭಾರತ ಆಗ ಮಾರಾಟದ ಪಟ್ಟಿಯಲ್ಲಿರಲಿಲ್ಲ. ನಮ್ಮ ಲೆಕ್ಕದಲ್ಲಿ ಅದು 40 ಸಾವಿರ ರೂಪಾಯಿಗೂ ಮೀರಿದ ಮೊತ್ತ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಹೊರಟ ಭಾರತ್ ಗೌರವ್ ಕಾಶಿ ದರ್ಶನ ರೈಲಿನ ಯಾತ್ರೆಗೆ ತಲಾ 20 ಸಾವಿರ ರೂಪಾಯಿ ಆಗುತ್ತಿತ್ತು. ಅದರಲ್ಲಿ 5 ಸಾವಿರವನ್ನು ಕರ್ನಾಟಕ ಸರ್ಕಾರ ಕೊಡುತ್ತಿತ್ತು. ಅಂದರೆ ಒಂದು ಹೆಡ್‌ಸೆಟ್ಟಿನ ದುಡ್ಡಿನಲ್ಲಿ ಹತ್ತಿರಹತ್ತಿರ ಮೂವರು ನಿಜವಾಗಿಯೇ ಕಾಶಿಗೆ ಹೋಗಿ ಬರಬಹುದಿತ್ತು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಮಾತು.

ತೂಕ 515 ಗ್ರಾಂ. ಒಂದೊಂದು ಕಣ್ಣಿಗೆ 2064×2208 ಪಿಕ್ಸೆಲ್‌ಗಳ ಪರದೆ. ಒಮ್ಮೆ ಚಾರ್ಜ್ ಮಾಡಿದರೆ ಎರಡು ಗಂಟೆಗೆ ತುಸು ಹೆಚ್ಚು ಬಾಳುತ್ತದೆ ಎಂದು ಕಂಪನಿಯೇ ಹೇಳಿದೆ. ಆದರೆ ಇದರ ಹೊಸತನ ಇರುವುದು ಹೊರಮೈಯಲ್ಲಿ. ಅಲ್ಲಿ ಎರಡು ಬಣ್ಣದ ಕ್ಯಾಮೆರಾಗಳೂ ಆಳ ಅಳೆಯುವ ಒಂದು ಸೆನ್ಸರೂ ಇವೆ. ಅವು ಎದುರಿನ ಕೋಣೆಯನ್ನು ಹಿಡಿದು ಒಳಗಿನ ಪರದೆಗೆ ಕೊಡುತ್ತವೆ. ಅದೇ 2023ರಲ್ಲಿ 1,299 ರೂಪಾಯಿಗೆ ಬಂದ ಜಿಯೋಡೈವ್‌ನಂಥ, ಫೋನು ತೂರಿಸಿ ನೋಡುವ ಡಬ್ಬಿಗಳು ಕಣ್ಣನ್ನು ಪೂರ್ತಿ ಮುಚ್ಚುತ್ತಿದ್ದವು. ಇದು ಮುಚ್ಚುತ್ತದೆ, ಬೇಕೆಂದಾಗ ತೆರೆಯುತ್ತದೆ. ಮಿಶ್ರ ವಾಸ್ತವ ಎಂಬ ಮಾತಿನ ಅರ್ಥ ಇಷ್ಟೇ: ಇರುವ ಲೋಕವನ್ನು ಇದ್ದಂತೆ ಬಿಟ್ಟು, ಅದರ ಮೇಲೆ ಇಲ್ಲದ್ದೊಂದನ್ನು ತಂದಿಡುವುದು.

ನಾವು ಇಳಿದುಕೊಂಡದ್ದು ಗೋದೌಲಿಯಾ ಹತ್ತಿರದ ಜಂಗಮವಾಡಿ ಮಠದಲ್ಲಿ. ವೀರಶೈವರ ಪಂಚಪೀಠಗಳಲ್ಲೊಂದಾದ ಕಾಶೀ ಪೀಠ ಅದು. ಕಾಲಿಟ್ಟಲ್ಲೆಲ್ಲ ಕನ್ನಡ, ಕಣ್ಣು ಹೋದಲ್ಲೆಲ್ಲ ಲಿಂಗ. ಗತಿಸಿದವರ ಹೆಸರಿನಲ್ಲಿ ಮನೆಯವರು ತಲೆಮಾರುಗಳಿಂದ ಇಟ್ಟುಹೋದ ಸಾವಿರಾರು ಶಿವಲಿಂಗಗಳು ಅಲ್ಲಿ ಸಾಲುಗಟ್ಟಿ ಕೂತಿವೆ. ಮೊದಲ ರಾತ್ರಿ ಕೋಣೆಯಲ್ಲಿ ಹೆಡ್‌ಸೆಟ್ ಹಾಕಿಕೊಂಡೆ. ಗೋಡೆ, ಮಂಚ, ಕಿಟಕಿಯ ಕಟ್ಟೆಯ ಮೇಲಿನ ತಾಮ್ರದ ಗಿಂಡಿ, ಜಪದ ಮಣಿ ಎಣಿಸುತ್ತಿದ್ದ ದೊಡ್ಡವ್ವ, ಎಲ್ಲವೂ ಕಂಡವು. ಬಿಳಿಗೋಡೆಯ ಮೇಲೆ ಒಂದು ಪರದೆ ತೂಗುಹಾಕಿದೆ. ಎದ್ದು ಸುತ್ತ ನಡೆದೆ. ಮೊಳೆ ಹೊಡೆದ ಪಟದ ಹಾಗೆ ಪರದೆ ಇದ್ದಲ್ಲೇ ಇತ್ತು. ದೊಡ್ಡವ್ವ ನೀರು ಕೇಳಿದಾಗ ಹೆಡ್‌ಸೆಟ್ ತೆಗೆಯದೆಯೇ ಲೋಟ ತುಂಬಿ ಕೊಟ್ಟೆ. ಇದನ್ನು ಸಣ್ಣ ಸಾಧನೆ ಎನ್ನಲಾರೆ. ಇದಕ್ಕೂ ಹಿಂದಿನ ಎಷ್ಟೋ ಯಂತ್ರಗಳು ತೊಟ್ಟವನನ್ನು ಮನೆಯ ನಡುವೆಯೇ ಕುರುಡನನ್ನಾಗಿ ಮಾಡುತ್ತಿದ್ದವು. ಪಕ್ಕದಲ್ಲಿ ಕೂತವರಿಗೆ ಬೆನ್ನು ತಿರುಗಿಸದ ಯಂತ್ರವನ್ನು ನಾನು ನೋಡಿದ್ದು ಇದೇ ಮೊದಲು.

ಕಾಶಿಯನ್ನು ಪೆಟ್ಟಿಗೆಯೊಳಗೆ ನೋಡುವ ಆಸೆ ಹೊಸದಲ್ಲ. ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ತೋರಿಸಿದರೆ ಆಳ ಹುಟ್ಟುತ್ತದೆಂಬುದನ್ನು ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲೇ ವಿವರಿಸಿದ್ದ. 20ನೇ ಶತಮಾನದ ಆರಂಭಕ್ಕೆ ಅಂಡರ್‌ವುಡ್ ಅಂಡ್ ಅಂಡರ್‌ವುಡ್ ಎಂಬ ಅಮೆರಿಕದ ಕಂಪನಿ ಭಾರತದ ಜೋಡಿಚಿತ್ರಗಳ ಕಾರ್ಡು ಮಾರುತ್ತಿತ್ತು. ಅವುಗಳಲ್ಲಿ ಬನಾರಸ್ಸಿನ ಘಾಟುಗಳೂ ಇದ್ದವು. 1968ರಲ್ಲಿ ಐವನ್ ಸದರ್ಲೆಂಡ್ ಕಟ್ಟಿದ ತಲೆಯ ಯಂತ್ರ ಛಾವಣಿಗೆ ತೂಗುಬಿಡಬೇಕಾದಷ್ಟು ಭಾರವಿತ್ತು. ಆ ಭಾರವೆಲ್ಲ ಈಗ ಅರ್ಧ ಕಿಲೋಗೆ ಇಳಿದಿದೆ. ಹಾಗಾಗಿ ‘ಎಷ್ಟು ಚೆನ್ನಾಗಿ ತೋರಿಸುತ್ತದೆ’ ಎಂದು ಕೇಳಿದರೆ ಸಾಲದು. ಇದು ಎಲ್ಲಿ ಬಾಳುತ್ತದೆ, ಯಾರ ಜೊತೆ ಬಾಳುತ್ತದೆ ಎಂದೂ ಕೇಳಬೇಕು.

ಮರುದಿನ ದಶಾಶ್ವಮೇಧ ಘಾಟಿನ ಪಕ್ಕದ ಮಾನ್ ಮಹಲಿಗೆ ಹೋದೆವು. ಸುಮಾರು 1600ರ ಹೊತ್ತಿಗೆ ಅಂಬೇರದ ರಾಜಾ ಮಾನ್ ಸಿಂಗ್ ಕಟ್ಟಿಸಿದ ಅರಮನೆ ಅದು. 18ನೇ ಶತಮಾನದಲ್ಲಿ ಸವಾಯಿ ಜಯಸಿಂಗ್ ಅದರ ಮಾಳಿಗೆಯ ಮೇಲೆ ಖಗೋಳ ವೀಕ್ಷಣಾಲಯ ಮಾಡಿಸಿದ. ಕೆಳಗಿನ ಕೋಣೆಗಳಲ್ಲಿ 2019ರಿಂದ ಕಾಶಿಯ ಬದುಕನ್ನು ತೋರಿಸುವ ವರ್ಚುವಲ್ ವಸ್ತುಸಂಗ್ರಹಾಲಯವಿದೆ. ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತು ರೂಪಿಸಿದ್ದು. ಕೆಳಗೆ ಪರದೆ, ಮೇಲೆ ಆಕಾಶ. ನಮ್ಮ ವಿಷಯಕ್ಕೆ ಇದಕ್ಕಿಂತ ತಕ್ಕ ಮನೆ ಕಾಶಿಯಲ್ಲಿ ಸಿಗಲಿಕ್ಕಿಲ್ಲ.

ಮೊದಲ ಪರೀಕ್ಷೆ ಬಿಸಿಲಿನದು. ಮಾಳಿಗೆಯ ಸಮ್ರಾಟ್ ಯಂತ್ರದ ಮುಂದೆ ಬಹಳ ಹೊತ್ತು ನಿಂತೆ. ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಎದ್ದ ಇಳಿಜಾರು ಗೋಡೆ, ಎರಡೂ ಬದಿಗೆ ಕಲ್ಲಿನ ಕಮಾನು, ಕಮಾನಿನ ಮೇಲೆ ಕೊರೆದ ಗೆರೆಗಳು. ಗೋಡೆಯ ಅಂಚಿನ ನೆರಳು ಯಾವ ಗೆರೆಯ ಮೇಲೆ ಬಿತ್ತೋ ಅದೇ ಹೊತ್ತು. ಇದೂ ಮಿಶ್ರ ವಾಸ್ತವವೇ: ಆಕಾಶವನ್ನು ಮುಚ್ಚದೆ, ಅದರ ನಡೆಗೆ ಲೆಕ್ಕವನ್ನು ಹೊಂದಿಸಿಟ್ಟಿದ್ದಾರೆ. ಇಲ್ಲಿ ಹೆಡ್‌ಸೆಟ್ ತೊಟ್ಟು, ರಾತ್ರಿ ಈ ಕಲ್ಲುಗಳ ಮೇಲೆ ಹೊರಳುವ ನಕ್ಷತ್ರಗಳನ್ನು ಹಗಲಲ್ಲೇ ನೋಡಿದರೆ ಎಷ್ಟು ಚೆಂದ! ಆದರೆ ಅದನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಬಿಸಿಲಿಗೆ ಒಡ್ಡಬೇಡಿ ಎಂದು ತಯಾರಕರೇ ಎಚ್ಚರಿಸುತ್ತಾರೆ. ಒಳಗಿನ ಮಸೂರಗಳು ಬಿಸಿಲನ್ನು ಭೂತಗನ್ನಡಿಯ ಹಾಗೆ ಒಂದೇ ಬಿಂದುವಿಗೆ ಕೂಡಿಸುತ್ತವೆ, ಪರದೆ ಸುಟ್ಟು ಕಲೆ ಬೀಳುತ್ತದೆ. ಇನ್ನು ಮಬ್ಬುಬೆಳಕು ಸಣ್ಣ ಕ್ಯಾಮೆರಾಗಳಿಗೆ ಒಗ್ಗದು; ಚಿತ್ರ ರವೆಯುದುರಿದಂತೆ ಕಾಣುತ್ತದೆ. ನಡುಹಗಲಿಗೂ ಮುಸ್ಸಂಜೆಗೂ ಇದು ಹೊರಗೆ ಬರಲಾರದು. ಕಾಶಿಯೋ ಬಯಲಲ್ಲಿ ಬದುಕುವ ಊರು; ಅಲ್ಲಿ ಸ್ನಾನ, ಕ್ಷೌರ, ಪಾಠ, ಕುಸ್ತಿ, ಚಿತೆ, ಆರತಿ ಎಲ್ಲವೂ ಮೆಟ್ಟಿಲ ಮೇಲೆ. ಜಯಸಿಂಗನ ಯಂತ್ರಕ್ಕೆ ಬಿಸಿಲೇ ಜೀವ, ಇದಕ್ಕೆ ಬಿಸಿಲೇ ಕಂಟಕ. ಎಷ್ಟೇ ಚುರುಕಾದರೂ ಇದು ಕೋಣೆಯ ಕೂಸು. ಕೊಳ್ಳುವವರು ಮೊದಲು ತಿಳಿಯಬೇಕಾದ ಮಾತಿದು.

ಎರಡನೆಯ ಪರೀಕ್ಷೆ ಅಂಗೈಯದು. ನಸುಕಿನಲ್ಲಿ ದೊಡ್ಡವ್ವ ಇಷ್ಟಲಿಂಗ ಪೂಜೆಗೆ ಕೂತಳು. ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ರೆಪ್ಪೆ ಅಲುಗಿಸದೆ ನೋಡುತ್ತ ಕೂತರೆ ಅವಳಿಗೆ ಹೊತ್ತಿನ ಅರಿವಿರುವುದಿಲ್ಲ. ನೋಟ, ಅಂಗೈ, ಲಿಂಗ, ಇವುಗಳ ನಡುವೆ ಒಂದು ಗೇಣಿನ ದೂರ. ಅವಳ ಪೂಜೆ ಮುಗಿದ ಮೇಲೆ ನಾನು ಹೆಡ್‌ಸೆಟ್ ಹಾಕಿಕೊಂಡು ನನ್ನ ಅಂಗೈ ನೋಡಿಕೊಂಡೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂಬ ಗಾದೆ ಇದೆಯಲ್ಲ, ಅಷ್ಟು ಸುಲಭದ ನೋಟವೇ ಇಂಥ ಯಂತ್ರಗಳಿಗೆ ಎಲ್ಲಕ್ಕಿಂತ ಕಷ್ಟದ್ದು. ಕ್ಯಾಮೆರಾ ಇರುವ ಜಾಗ ಬೇರೆ, ಕಣ್ಣಿರುವ ಜಾಗ ಬೇರೆ. ಆ ಅಂತರವನ್ನು ಲೆಕ್ಕ ಹಾಕಿ ತುಂಬಿಸಬೇಕು. ವಸ್ತು ಹತ್ತಿರ ಬಂದಷ್ಟೂ ಲೆಕ್ಕ ತಪ್ಪಿ ಅದರ ಅಂಚು ನೀರಿನಲ್ಲಿ ಕಂಡಂತೆ ಬಳುಕುತ್ತದೆ. ಮಸೂರದ ನಾಭಿಯೂ ಒಂದೇ ದೂರಕ್ಕೆ ಕಟ್ಟಿಹಾಕಿದ್ದು. ಎರಡು ಕಣ್ಣು ಅಂಗೈಯ ಕಡೆಗೆ ಕೂಡಿಕೊಂಡರೂ ಕಣ್ಣಿನೊಳಗಿನ ಮಸೂರ ದೂರದ ಪರದೆಗೇ ಹೊಂದಿಕೊಂಡಿರಬೇಕಾಗುತ್ತದೆ. ಈ ಎಳೆದಾಟವೇ ಹಣೆನೋವಿನ ಒಂದು ಮೂಲ.

ಇನ್ನೊಂದು ಸಂಗತಿ. ಈ ಯಂತ್ರ ಬರಿಗೈಯ ಸನ್ನೆಯನ್ನು ಓದುತ್ತದೆ. ಹೆಬ್ಬೆರಳು ತೋರುಬೆರಳು ತಾಗಿಸಿದರೆ ಒಪ್ಪಿಗೆ, ಅಂಗೈಯನ್ನು ಮುಖದ ಕಡೆ ತಿರುಗಿಸಿ ಅವೇ ಬೆರಳು ತಾಗಿಸಿದರೆ ಪಟ್ಟಿ ತೆರೆಯುತ್ತದೆ. ಆದರೆ ಕೈಮುಗಿದರೆ? ಒಂದು ಕೈ ಇನ್ನೊಂದನ್ನು ಮರೆಮಾಡಿದಾಗ ಕ್ಯಾಮೆರಾ ನಂಬಿದ ಯಾವ ಯಂತ್ರಕ್ಕೂ ಎರಡನ್ನು ಬೇರ್ಪಡಿಸಿ ನೋಡುವುದು ಕಷ್ಟ. ಸನ್ನೆಗಳ ಈ ನಿಘಂಟಿನಲ್ಲಿ ಚಿವುಟುವುದಕ್ಕೆ ಅರ್ಥವಿದೆ, ನಮಸ್ಕಾರಕ್ಕೆ ಇನ್ನೂ ಇಲ್ಲ. ನಮ್ಮ ಕಡೆಯ ಕೈಗಳನ್ನು ಕಂಡು ಬರೆದ ನಿಘಂಟು ಇದಲ್ಲ. ಅಂಥದ್ದನ್ನು ಬರೆಯಬೇಕಾದವರು ನಮ್ಮ ಎಂಜಿನಿಯರುಗಳಲ್ಲದೆ ಬೇರೆ ಯಾರು?

ಮೂರನೆಯದು ಮಂದಿ. ಕಾಶಿ ವಿಶ್ವನಾಥ ಧಾಮದಲ್ಲಿ ‘ದುರ್ಲಭ ದರ್ಶನ’ ಎಂಬ ವರ್ಚುವಲ್ ರಿಯಾಲಿಟಿ ಕೇಂದ್ರವಿದೆ. ಮಂಗಳಾರತಿಯಿಂದ ಶಯನಾರತಿಯವರೆಗಿನ ಸೇವೆಗಳನ್ನು ಅಲ್ಲಿ ಹೆಡ್‌ಸೆಟ್ಟಿನಲ್ಲಿ ಸಮೀಪದಿಂದ ತೋರಿಸುತ್ತಾರೆ. ಮಂಗಳಾರತಿ ನಡೆಯುವುದು ಬೆಳಗಿನ ಜಾವ ಮೂರರಿಂದ ನಾಲ್ಕರ ನಡುವೆ. ಮಂಡಿ ಸೋತವರಿಗೆ ಅದು ನಿಜಕ್ಕೂ ದುರ್ಲಭ. ಸರದಿಯಲ್ಲಿ ನೂಕಿಸಿಕೊಂಡು ಅರೆಗಳಿಗೆ ಕಂಡದ್ದನ್ನು ಸಮಾಧಾನದಿಂದ ಕಾಣುವ ಅವಕಾಶವನ್ನು ನಾನು ಹೀಗಳೆಯಲಾರೆ. ಆದರೂ ಹೆಸರಿನ ಬಗ್ಗೆ ನನ್ನದೊಂದು ತಕರಾರಿದೆ. ಅದು ಪರಿಚಯ, ದರ್ಶನ ಅನ್ನುವಾಗ ತಡೆಯಬೇಕು. ಕಾಶಿಯಲ್ಲಿ ಸ್ಪರ್ಶ ದರ್ಶನ ಎಂಬ ಮಾತೇ ಇದೆ: ಲಿಂಗವನ್ನು ಮುಟ್ಟಿದ ಬೆರಳಿಗೆ ಹಾಲು, ನೀರು, ಬಿಲ್ವಪತ್ರೆಯ ತಂಪು ಹತ್ತಿರುತ್ತದೆ. ನೋಟ ಮಾತ್ರ ಬೇಕಿದ್ದವರು ಅಷ್ಟು ದೂರ ಬರುತ್ತಿರಲಿಲ್ಲ.

ಆ ಸಂಜೆ ಕೋಣೆಯಲ್ಲಿ ಗಂಗಾ ಆರತಿಯ 360 ಡಿಗ್ರಿ ವಿಡಿಯೊ ಹಾಕಿ ದೊಡ್ಡವ್ವನಿಗೆ ಕೊಟ್ಟೆ. ತುರುಬಿನ ಕೆಳಗೆ ಪಟ್ಟಿ ಕೂರಿಸಿ ಸಡಿಲ ಮಾಡಿದೆ. ದೀಪಗಳು ಎದ್ದವೋ ಏನೋ, ಅವಳು ತಟಕ್ಕನೆ ಸೆರಗು ಎಳೆದು ಹೆಡ್‌ಸೆಟ್ಟಿನ ಮೇಲೆಯೇ ಹೊದ್ದುಕೊಂಡಳು. ದೇವರ ಮುಂದೆ ತಲೆ ಬರಿದಾಗಿರಬಾರದು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು, ಮೇಲೆ ನೋಡಿದಳು. ಐದಾರು ನಿಮಿಷಕ್ಕೆ ತಾನೇ ತೆಗೆದಳು.

“ನೋಡಾಕ ಛಲೋ ಐತಿ ತಮ್ಮಾ. ಆದ್ರ ಇದರಾಗ ನಮ್ಮ ಮಂದಿ ಯಾರೂ ಇಲ್ಲಲ್ಲೋ?”

ನನ್ನ ವಿಮರ್ಶೆಯ ತಿರುಳು ಈ ಒಂದು ಮಾತಿನಲ್ಲಿದೆ. ವಿಡಿಯೊದಲ್ಲಿ ಜನ ತುಂಬಿದ್ದರು. ಅವಳು ಕೇಳಿದ್ದು ತನ್ನವರನ್ನು. ಕಂಪನಿಗಳು ಪಿಕ್ಸೆಲ್ ಹೆಚ್ಚಿಸುವುದರಲ್ಲಿವೆ. 2024ರ ಫೆಬ್ರವರಿಯಲ್ಲಿ ಬಂದ ಆಪಲ್ ವಿಷನ್ ಪ್ರೊ 3,499 ಡಾಲರಿಗೆ ಇನ್ನೂ ನಿಚ್ಚಳವಾದ ಪರದೆ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಕ್ವೆಸ್ಟ್ 3ಎಸ್ ಬೆಲೆಯನ್ನು 299.99 ಡಾಲರಿಗೆ ಇಳಿಸಿತು. ಬೆಲೆ ಇನ್ನೂ ಇಳಿಯಬೇಕು, ಚಿತ್ರ ಇನ್ನೂ ತಿಳಿಯಾಗಬೇಕು, ನಿಜ. ಆದರೆ ನಮ್ಮಂಥ ಮನೆಗಳಲ್ಲಿ ಹೆಡ್‌ಸೆಟ್ಟಿಗೆ ಜಾಗ ಸಿಗುವುದು ಅದರೊಳಗೆ ನಮ್ಮ ಮುಖಗಳೂ ನಮ್ಮ ಮಾತೂ ಇದ್ದಾಗ. ಇದೇ ಜಂಗಮವಾಡಿ ಮಠದಲ್ಲಿ 2020ರ ಫೆಬ್ರವರಿಯಲ್ಲಿ ವೀರಶೈವ ಗ್ರಂಥವಾದ ಸಿದ್ಧಾಂತ ಶಿಖಾಮಣಿಯ 19 ಭಾಷೆಗಳ ಅನುವಾದವೂ ಮೊಬೈಲ್ ಆ್ಯಪ್ಪೂ ಒಟ್ಟಿಗೆ ಬಿಡುಗಡೆಯಾದವು. ಒಂದು ಗ್ರಂಥಕ್ಕೆ ಸಿಕ್ಕ ಆ ಕಾಳಜಿ ಘಾಟುಗಳಿಗೂ ಸಿಗಬೇಕು. ಹನುಮಾನ್ ಘಾಟಿನ ಪಕ್ಕ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟಿದೆ. ಅದರ ಕಥೆಯನ್ನು ಗದಗಿನ ಹಾಸಿಗೆಯಲ್ಲಿ ಮಲಗಿದವರು ಕನ್ನಡದಲ್ಲಿ ಕೇಳುತ್ತ ಮೆಟ್ಟಿಲಿಳಿಯುವಂತಾದರೆ ಈ ಯಂತ್ರದ ಖರ್ಚಿಗೆ ಅರ್ಥ ಬರುತ್ತದೆ.

ಗದಗಿನ ಹಾಸಿಗೆ ಎಂದದ್ದು ಸುಮ್ಮನಲ್ಲ. ದೊಡ್ಡವ್ವನ ತಂಗಿ, ನಮ್ಮ ಚಿಗವ್ವ, ಲಕ್ವಾ ಹೊಡೆದು ಎರಡು ವರ್ಷಗಳಿಂದ ಮಲಗಿದ್ದಾಳೆ. ಇಬ್ಬರೂ ಕೂಡಿ ಕಾಶಿಗೆ ಹೋಗಬೇಕೆಂದು ಹರಕೆ ಹೊತ್ತವರು. ನಮ್ಮ ಜೊತೆ ಬಂದಿದ್ದ ಹುಡುಗನ ಹತ್ತಿರ ಐಫೋನ್ 15 ಪ್ರೊ ಇತ್ತು. 2023ರ ಡಿಸೆಂಬರ್‌ನಿಂದ ಆ ಫೋನಿನ ಎರಡು ಮಸೂರಗಳು ಒಟ್ಟಿಗೆ ಆಳವಿರುವ ವಿಡಿಯೊ ಹಿಡಿಯುತ್ತವೆ. 2024ರ ಫೆಬ್ರವರಿಯಿಂದ ಅದನ್ನು ಕ್ವೆಸ್ಟ್‌ನಲ್ಲಿ ನೋಡಬಹುದು. ಮಸೂರಗಳು ನಮ್ಮ ಕಣ್ಣುಗಳಿಗಿಂತ ಹತ್ತಿರಹತ್ತಿರ ಇರುವುದರಿಂದ ಆಳ ತುಸು ಕಡಿಮೆ, ಅಷ್ಟೆ. ಕೊನೆಯ ದಿನ ಬೆಳಿಗ್ಗೆ ದೊಡ್ಡವ್ವ ಗಂಗೆಯಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲೇ ಗಿಂಡಿ ತುಂಬಿ, ಫೋನಿನ ಕಡೆ ಚಾಚಿ, “ತಗೋ ತಂಗೀ, ಗಂಗವ್ವ ಬಂದಾಳ” ಅಂದಳು. ಅರ್ಧ ನಿಮಿಷದ ವಿಡಿಯೊ. ದೋಣಿಯ ಸದ್ದಿತ್ತು, ಚಿತ್ರ ಒಂದಿಷ್ಟು ಅಲುಗಿತ್ತು.

ಊರಿಗೆ ಬಂದು, ದಿಂಬಿಗೆ ಒರಗಿಸಿ, ಚಿಗವ್ವನಿಗೆ ಹೆಡ್‌ಸೆಟ್ ತೊಡಿಸಿದೆವು. ಹೊರಗಿನ ಕೋಣೆ ಕಾಣುವಂತೆಯೇ ಇಟ್ಟು, ಹಾಸಿಗೆಯ ಕಾಲ್ದೆಸೆಗೆ ಆ ವಿಡಿಯೊ ತೂಗುಬಿಟ್ಟೆ. ಅಕ್ಕ ನೀರಿನಿಂದ ಏಳುವುದನ್ನು ಅವಳು ಮೂರು ಸಲ ನೋಡಿದಳು. ನಾಲ್ಕನೆಯ ಸಲ ಗಿಂಡಿ ಮುಂದೆ ಬಂದಾಗ, ಸ್ವಾಧೀನದಲ್ಲಿರುವ ಬಲಗೈಯನ್ನು ಮೆಲ್ಲಗೆ ಎತ್ತಿ ಅಂಗೈ ಚಾಚಿದಳು. ಪಕ್ಕದಲ್ಲಿ ಕೂತಿದ್ದ ದೊಡ್ಡವ್ವ ಆ ಅಂಗೈಗೆ ಗಂಗೆಯ ಗಿಂಡಿ ಇಟ್ಟಳು.