ದೈವಾರಾಧನೆಯಲ್ಲಿ ಕೀಬೋರ್ಡು ಮತ್ತು ದುಡಿ: ಒಂದು ವಿಮರ್ಶೆ

ಕೊಡಗಿನ ಧರ್ಮಕೇಂದ್ರಗಳಲ್ಲಿ ಗಾನವೃಂದದ ನಡುವೆ ನಾವು ಇಂದು ಸಾಮಾನ್ಯವಾಗಿ ಕಾಣುವ ವಾದ್ಯ ಕೀಬೋರ್ಡು, ಅಂದರೆ ಸಿಂಥಸೈಜರ್. ಅದನ್ನು ಬದಿಗಿಟ್ಟು ಈ ನೆಲದ ದುಡಿಯನ್ನು ತರಬೇಕೆಂದು ಸಂಸ್ಕೃತಿ ಸಮನ್ವಯದ ಒಲವುಳ್ಳವರು ವಾದಿಸಬಹುದು. ಅದರ ಆಶಯವನ್ನು ನಾವು ಗೌರವಿಸುತ್ತೇವೆ. ಆದರೆ ಪ್ರಶ್ನೆ ಬೇರೆಡೆ ಇದೆ.

‘ಸಾಂಪ್ರದಾಯಿಕ’ ಎಂಬ ಪದವೇ ಪರಿಶೀಲನಾರ್ಹ. ನಾವು ನಮ್ಮದೆನ್ನುವ ಹಾರ್ಮೋನಿಯಂ ಯುರೋಪಿನಿಂದ ಬಂದುದು. ಆಕಾಶವಾಣಿ ಅದನ್ನು 1940ರಲ್ಲಿ ಹೊರಗಿಟ್ಟಿತ್ತು. ದುಡಿಯಾದರೋ ಕೊಡವರದು. ನಾಲ್ವರು ದುಡಿ ಬಾರಿಸುತ್ತ ತಾವೇ ಹಾಡುವ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಪ್ರಕಟಿಸಿದರು. ಅವು ಕೊಡವರ ಹಿರಿಯರ ಸ್ಮರಣೆಯೊಡನೆ ಬೆಸೆದವು. ಕೊಡಗಿನ ನಮ್ಮ ವಿಶ್ವಾಸಿಗಳಾದರೋ ಕೊಂಕಣಿ, ಮಲಯಾಳಂ, ತಮಿಳು, ಕನ್ನಡ ಮನೆಗಳಿಂದ ಬಂದವರು. ನೆರೆಯವರ ಸೊತ್ತನ್ನು ಅಲಂಕಾರಕ್ಕೆಂದು ತರುವುದು ಸಮನ್ವಯವಾಗಲಾರದು.

ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ದೈವಾರಾಧನಾ ಸಂವಿಧಾನದಲ್ಲಿ (120) ಪೈಪ್ ಆರ್ಗನ್ನಿಗೆ ಗೌರವದ ಸ್ಥಾನವಿತ್ತು, ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು: ಅವು ಪವಿತ್ರ ಬಳಕೆಗೆ ಒಗ್ಗಬೇಕು, ದೇವಾಲಯದ ಘನತೆಗೆ ಹೊಂದಬೇಕು, ಭಕ್ತರನ್ನು ವಿಶ್ವಾಸದಲ್ಲಿ ಬೆಳೆಸಬೇಕು. ವಾದ್ಯದ ಹುಟ್ಟೂರನ್ನು ಅದು ಕೇಳಲಿಲ್ಲ. ಅದಕ್ಕೂ ಮುನ್ನ, 1958ರ ಪವಿತ್ರ ಸಂಗೀತದ ನಿರ್ದೇಶನವು ಇನ್ನೊಂದು ಗೆರೆ ಎಳೆದಿತ್ತು: ಕಲಾವಿದ ಸ್ವತಃ ನುಡಿಸುವ ವಾದ್ಯಗಳಷ್ಟೇ ಆರಾಧನೆಗೆ ಸಲ್ಲುತ್ತವೆ, ತಾವಾಗಿ ನುಡಿಯುವ ಯಂತ್ರಗಳು ಸಲ್ಲವು.

ಕೀಬೋರ್ಡು ಈ ಗೆರೆಯ ಎರಡೂ ಬದಿಯಲ್ಲಿದೆ. ಬೆರಳು ಒಂದೊಂದು ಸ್ವರವನ್ನೂ ನುಡಿಸುವಾಗ ಅದು ವಾದ್ಯವೇ. ಹಾಗೆ ನುಡಿಸುವ ಯುವತಿ ನಿಜವಾದ ಕಲಾವಿದೆಯೇ. ‘ಸ್ಟೈಲ್’ ಗುಂಡಿಯೊತ್ತಿ ತಾಳವನ್ನು ಅದರ ಪಾಡಿಗೆ ಓಡಬಿಟ್ಟಾಗ ಅದು ಯಂತ್ರ. ಹಿಂದಿನ ಸಾಲಿನ ಅಜ್ಜಿ ಚರಣದ ಕೊನೆಯಲ್ಲಿ ಉಸಿರೆಳೆದುಕೊಳ್ಳಲಿ ಎಂದು ಅದು ಕಾಯದು. ದುಡಿಯವನು ಕಾಯುತ್ತಾನೆ; ಹಾಡುವವನೂ ಅವನೇ ಆದ್ದರಿಂದ ಅವನಿಗೂ ಉಸಿರು ಬೇಕು. ಭಕ್ತರ ಪೂರ್ಣ, ಪ್ರಜ್ಞಾಪೂರ್ವಕ, ಸಕ್ರಿಯ ಪಾಲ್ಗೊಳ್ಳುವಿಕೆ (14) ಕುಗ್ಗುವುದು ಇಲ್ಲಿಯೇ. ತಪಸ್ಸುಕಾಲದಲ್ಲಿ ವಾದ್ಯಗಳು ಗಾಯನಕ್ಕೆ ಆಧಾರವಾಗಿ ಮಾತ್ರ ಇರಬೇಕೆಂಬುದು ಸಾಮಾನ್ಯ ನಿಯಮ. ಆದರೆ ಆ ಗುಂಡಿಗೆ ಉಪವಾಸ ತಿಳಿಯದು.

ಇನ್ನೊಂದು ಕಹಿಸತ್ಯವಿದೆ. ಕೊಡಗಿನ ಹಬ್ಬಗಳಲ್ಲಿ ಚರ್ಮವಾದ್ಯ ಬಾರಿಸುತ್ತ ಬಂದವರಲ್ಲಿ ಬುಟ್ಟಿ ಹೆಣೆಯುವ ಮೇದರೂ ಇದ್ದಾರೆ. ವಾದ್ಯದ ನಾದ ಬೇಕು, ಬಾರಿಸುವವನು ಪಂಕ್ತಿಯಲ್ಲಿ ಬೇಡ ಎನ್ನುವುದು ಜಾತಿಯ ಹಳೆಯ ನಡೆ. ಡೋಲಿನ ಧ್ವನಿಯನ್ನು ಗುಂಡಿಯಿಂದ ಪಡೆಯುವ ನಾವು ಅರಿಯದೆಯೇ ಆ ಅಗಲಿಕೆಯನ್ನು ಪೂರ್ಣಗೊಳಿಸುತ್ತಿಲ್ಲವೇ? ದಿವ್ಯವಾಣಿ ದೇಹಧಾರಿಯಾದುದನ್ನು ಸಾರುವ ಸಭೆ, ಬಾರಿಸುವವನಿಲ್ಲದ ನಾದಕ್ಕೆ ತೃಪ್ತಿಪಡಲಾಗದು. ದುಡಿಯಾಗಲಿ ಡೋಲಾಗಲಿ ಬರುವುದಾದರೆ ಅದರ ಕಲಾವಿದನೂ ಬರಲಿ, ಗೌರವದ ಅತಿಥಿಯಾಗಿ ನಮ್ಮೊಡನೆ ಊಟಕ್ಕೆ ಕೂರಲಿ.

ಆದುದರಿಂದ ಕೀಬೋರ್ಡನ್ನು ಹೊರಹಾಕಿರೆಂದು ನಾವು ಹೇಳುವುದಿಲ್ಲ. ಅದರ ಸ್ವಯಂಚಾಲಿತ ತಾಳವನ್ನು ಬಲಿಪೂಜೆಯಲ್ಲಿ ನಿಲ್ಲಿಸೋಣ. ಗುರುವಿದ್ಯಾರ್ಥಿಗಳು ಯಾವ ವಾದ್ಯವೂ ಇಲ್ಲದೆ ಸಭೆಯನ್ನು ಹಾಡಿಸಲು ಕಲಿಯಲಿ. ಮಳೆಗಾಲದಲ್ಲಿ ವಿದ್ಯುತ್ ಹೋದ ಭಾನುವಾರ ಹಾಡು ಮುಂದುವರಿದರೆ, ಆ ಸಭೆಗೆ ಯಾವ ವಾದ್ಯವೂ ಅಪಾಯಕಾರಿಯಲ್ಲ.